ದೊಡ್ಡ ಫೋರ್ ಬೈ ಫೋರ್‌ಗೆ ಡೀಸೆಲ್ಲೋ ಪೆಟ್ರೋಲೋ? ಪುಣೆ ರಿಜಿಸ್ಟ್ರೇಶನ್, ತಿಂಗಳಿಗೊಮ್ಮೆ ಧಾರವಾಡ

ವಾಕಡ್_ಧಾರವಾಡ
ಎಲ್ಲರಿಗೂ ನಮಸ್ಕಾರ. ವಾಕಡ್‌ನಲ್ಲಿ ಮನೆ, ಹಿಂಜವಡಿಯಲ್ಲಿ ಆಫೀಸು. ಒಂದು ಕಡೆಗೆ 7 ಕಿ.ಮೀ., ವಾರಕ್ಕೆ ಮೂರು ದಿನ. ತಿಂಗಳಿಗೊಮ್ಮೆ ಧಾರವಾಡಕ್ಕೆ, ಒಂದು ಕಡೆಗೆ ಸುಮಾರು 420 ಕಿ.ಮೀ. ಅಲ್ಲಿಂದ ನವಲಗುಂದದ ಹತ್ತಿರದ ಹೊಲಕ್ಕೂ ಹೋಗಬೇಕು, ಮಳೆಗಾಲದಲ್ಲೂ. ಅಪ್ಪ ಅಮ್ಮ ಸೇರಿ ಐದು ಜನ. ಬಜೆಟ್ ಎಕ್ಸ್-ಶೋರೂಂ 20 ಲಕ್ಷದ ಆಸುಪಾಸು, ಒಂದಿಷ್ಟು ಮೇಲಾದರೂ ನಡೆಯುತ್ತದೆ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಫೋರ್ ಬೈ ಫೋರ್, ಆಟೊಮ್ಯಾಟಿಕ್ ಬೇಕು. ಈಗಿನ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಜರಡಿ ಕಟ್ಟಿಕೊಳ್ಳುತ್ತದೆ ಎಂದು ಕೇಳಿ ಪೆಟ್ರೋಲ್ ಕಡೆ ವಾಲಿದ್ದೇನೆ. ಬಲ್ಲವರು ದಾರಿ ತೋರಿಸಿ.

ಲೋರೇಂಜ್_ಕೋಥ್ರೂಡ್
ಸರ್, ಮೊದಲು ಮಾರುಕಟ್ಟೆಯಲ್ಲಿ ಏನಿದೆ ನೋಡಿ. ಅರ್ಧ ತೀರ್ಮಾನ ಕಂಪನಿಗಳೇ ಮಾಡಿಟ್ಟಿವೆ.

ಸ್ಕಾರ್ಪಿಯೋ-ಎನ್ ಪೆಟ್ರೋಲ್‌ನಲ್ಲಿ ಸಿಗುತ್ತದೆ, ಆದರೆ ಫೋರ್ ಬೈ ಫೋರ್ ಡೀಸೆಲ್‌ನಲ್ಲಿ ಮಾತ್ರ. ಥಾರ್ ರಾಕ್ಸ್ ಕೂಡ ಹಾಗೆಯೇ. ಫಾರ್ಚುನರ್‌ನ 2.7 ಪೆಟ್ರೋಲ್ ಹಿಂದಿನ ಚಕ್ರಕ್ಕೆ ಮಾತ್ರ ಬಲ ಹೋಗುವ ಗಾಡಿ, ಫೋರ್ ಬೈ ಫೋರ್ ಬೇಕೆಂದರೆ 2.8 ಡೀಸೆಲ್. ಗೂರ್ಖಾ, ಹೈಲಕ್ಸ್, ವಿ-ಕ್ರಾಸ್ ಮೂರೂ ಡೀಸೆಲ್. ಲೋ ರೇಂಜ್ (ಕೆಸರು, ಕಡಿದಾದ ಏರಿನಲ್ಲಿ ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಗೇರು) ಇರುವ ಪೆಟ್ರೋಲ್ ಅಂದರೆ ಮೂರು ಬಾಗಿಲಿನ ಥಾರ್, ಜಿಮ್ನಿ, ಇನ್ನು ಮೇಲಕ್ಕೆ ಹೋದರೆ ರ‍್ಯಾಂಗ್ಲರ್, ಡಿಫೆಂಡರ್. ಥಾರ್‌ನಲ್ಲಿ ನಾಲ್ಕೇ ಸೀಟು. ಜಿಮ್ನಿಯಲ್ಲೂ ನಾಲ್ಕು. ಐದು ಜನಕ್ಕೆ ಎರಡೂ ಆಗುವುದಿಲ್ಲ. ಕೊನೆಯ ಎರಡು ನಿಮ್ಮ ಬಜೆಟ್‌ನಿಂದ ಬಹಳ ದೂರ.

ಹಾಗಾಗಿ ನಿಮ್ಮ ಮುಂದಿರುವುದು ಡೀಸೆಲ್-ಪೆಟ್ರೋಲ್ ಪ್ರಶ್ನೆಯಲ್ಲ. ನಿಮಗೆ ಲೋ ರೇಂಜ್ ಗೇರು ನಿಜವಾಗಿ ಬೇಕೋ ಬೇಡವೋ ಎಂಬುದು. ಬೇಕು ಅಂದರೆ ಡೀಸೆಲ್. ಬೇಡ ಅಂದರೆ ಎರಡೇ ಚಕ್ರಕ್ಕೆ ಬಲ ಹೋಗುವ (ಟೂ ವೀಲ್ ಡ್ರೈವ್) ಪೆಟ್ರೋಲ್ ಆಟೊಮ್ಯಾಟಿಕ್ ನಿಮ್ಮ ಹಿಂಜವಡಿ ಓಡಾಟಕ್ಕೆ ಹೇಳಿ ಮಾಡಿಸಿದಂತಿದೆ.

ತಾಮ್ಹಿಣಿ, ವರಂಧಾ, ಅಂಬೋಲಿ, ಚೋರ್ಲಾ ಈ ಘಾಟುಗಳೆಲ್ಲ ಡಾಂಬರು ರಸ್ತೆ. ಮಳೆಯಲ್ಲೂ ಒಳ್ಳೆ ಟೈರು, ಸರಿಯಾದ ಗಾಳಿ ಇದ್ದರೆ ಟೂ ವೀಲ್ ಡ್ರೈವ್ ಗಾಡಿ ಸಾಕು. ಹೊಲದ ವಿಷಯ ಬೇರೆ.

ಬೆಳಗಾಂವಿ_ಗಾಡಿ
ನವಲಗುಂದ ಅಂದ್ರ ಎರಿ ಭೂಮಿರಿ. ಅಲ್ಲಿ ಮಳಿ ಬಿದ್ದ ಮ್ಯಾಗ ಎರಡ ಗಾಲಿ ಎಳಿಯೂ ಗಾಡಿ ಒಯ್ಯೂದು ಬ್ಯಾಡ್ರಿ. ಕರಿ ಮಣ್ಣು ಟೈರಿನ ಹಲ್ಲಿನಾಗ ತುಂಬ್ಕೊಂಡು ಟೈರು ನುಣ್ಣಗ ಆಗತೈತಿ. ಆಮ್ಯಾಲೆ ಎಂಜಿನ್ ಯಾವ್ದಿದ್ರೇನು, ಗಾಲಿ ಸುಮ್ನ ತಿರಗತಾವು.

ಒಂದು ಮಾತ ನೆನಪಿಡ್ರಿ. ಫೋರ್ ಬೈ ಫೋರ್ ಇದ್ರೂ ಕಂಪನಿ ಟೈರಿನ ಮ್ಯಾಗ ಹೋದ್ರ ಅದೂ ಜಾರತೈತಿ, ನಾಕೂ ಗಾಲಿ ಕೂಡಿ ಜಾರತಾವು, ಅಷ್ಟ. ಆಲ್-ಟೆರೇನ್ ಟೈರು ಹಾಕಸ್ರಿ. ಹೊಲಕ್ಕ ಇಳಿಯೂ ಮುಂಚೆ ಗಾಳಿ 20 ಪಿಎಸ್‌ಐ ತನಕ ಇಳಸ್ರಿ, ನಿಧಾನ ಹೋಗ್ರಿ, ಡಾಂಬರಿಗೆ ಬಂದ ಕೂಡ್ಲೆ ತುಂಬಸ್ರಿ. ಸಣ್ಣ ಕಂಪ್ರೆಸರ್ ಡಿಕ್ಕಿಯಾಗ ಇರಬೇಕು. ಕಡಿಮಿ ಗಾಳಿಯಾಗ ಹೈವೇದಾಗ ಓಡಿಸಿದ್ರ ಟೈರಿನ ಬದಿ ಕಾದು ಒಡೀತೈತಿ.

ಇನ್ನೊಂದು. ಈ ಗಾಡಿಗಳಾಗ ಇರೂದು ಪಾರ್ಟ್-ಟೈಮ್ ಫೋರ್ ವೀಲ್. ಮುಂದಿನ ಹಿಂದಿನ ಆಕ್ಸಲ್ ಒಂದ ವೇಗದಾಗ ಕಟ್ಟಿ ಹಾಕತೈತಿ. ಒಣ ಡಾಂಬರಿನ ಮ್ಯಾಗ ಫೋರ್ ಹೈ (ನಾಕೂ ಗಾಲಿ, ಮಾಮೂಲಿ ಗೇರು) ಹಾಕಿ ತಿರುವಿದ್ರ ಎರಡೂ ಆಕ್ಸಲ್‌ಗೆ ಬಲ ಹಂಚೂ ಟ್ರಾನ್ಸ್‌ಫರ್ ಕೇಸು, ಆಕ್ಸಲ್ ಜಾಯಿಂಟು ಎಲ್ಲಾ ಬಿಗೀತಾವು. ಮಣ್ಣು, ಕೆಸರು, ಉಸುಕಿನಾಗ ಮಾತ್ರ. ಫೋರ್ ಲೋ (ನಾಕೂ ಗಾಲಿ, ಲೋ ರೇಂಜ್) ಹಾಕೂಮುಂದ ಗಾಡಿ ನಿಲ್ಲಸ್ರಿ, ನ್ಯೂಟ್ರಲ್ ಮಾಡ್ರಿ, ಆಮ್ಯಾಲೆ ಹಾಕ್ರಿ.

ವಾಕಡ್_ಧಾರವಾಡ
ಹೊಲದ ದಾರಿ ಒಂದೂವರೆ ಕಿ.ಮೀ. ಪೂರ್ತಿ ಎರೆ ಮಣ್ಣು. ಜುಲೈನಿಂದ ಅಕ್ಟೋಬರ್ ತನಕ ಟ್ರ್ಯಾಕ್ಟರ್ ಮಾತ್ರ ಹೋಗುತ್ತದೆ. ಅಂದರೆ ಲೋ ರೇಂಜ್ ಬೇಕು, ಡೀಸೆಲ್ಲೇ ಗತಿ ಎಂದಾಯಿತು. ಹಾಗಾದರೆ ಡಿಪಿಎಫ್ ಬಗ್ಗೆ ವಿವರ ಬೇಕು. ವಾರಕ್ಕೆ 42 ಕಿ.ಮೀ. ಟ್ರಾಫಿಕ್ ಓಡಾಟವನ್ನು ಅದು ತಡೆಯುತ್ತದೆಯೇ?

ಚಿಂಚವಡ_ಸ್ಪಾನರ್
ಡಿಪಿಎಫ್ ಅಂದರೆ ಸೈಲೆನ್ಸರ್ ಲೈನಿನಲ್ಲಿ ಕೂರುವ ಪಿಂಗಾಣಿಯ ಜರಡಿ. ಡೀಸೆಲ್ ಉರಿದ ಮಸಿ ಅದರಲ್ಲಿ ನಿಲ್ಲುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದಮೇಲೆ ಡೀಸೆಲ್ ಕಾರುಗಳಿಗೆ ಇದು ತಪ್ಪಿದ್ದಲ್ಲ. 2023ರ ಏಪ್ರಿಲ್‌ನಿಂದ ರಸ್ತೆಯ ಮೇಲಿನ ಹೊಗೆ ಪರೀಕ್ಷೆಯೂ ಸೇರಿಕೊಂಡಿತು.

ನಿಂತ ಮಸಿಯನ್ನು ಸುಡುವುದು ಎರಡು ರೀತಿ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಸೈಲೆನ್ಸರ್ ಶಾಖ 350 ಡಿಗ್ರಿ ದಾಟಿ ಮಸಿ ತಾನಾಗಿಯೇ ನಿಧಾನವಾಗಿ ಉರಿಯುತ್ತದೆ. ಅದು ಸಾಲದಿದ್ದಾಗ ಎಂಜಿನ್ ಕಂಪ್ಯೂಟರ್ ಸಿಲಿಂಡರಿಗೆ ತಡವಾಗಿ ಒಂದಿಷ್ಟು ಹೆಚ್ಚು ಡೀಸೆಲ್ ಬಿಡುತ್ತದೆ. ಆ ಡೀಸೆಲ್ ಸೈಲೆನ್ಸರ್ ಕಡೆ ಹೋಗಿ ಉರಿದು ಜರಡಿಯ ಶಾಖ 600 ಡಿಗ್ರಿ ಹತ್ತಿರ ಏರುತ್ತದೆ. ಇದಕ್ಕೆ 10ರಿಂದ 20 ನಿಮಿಷ ಬೇಕು. ಇದೇ ರೀಜನರೇಶನ್.

ತೊಂದರೆ ಶುರುವಾಗುವುದು ಇಲ್ಲಿಯೇ. ಸುಡುವ ಕೆಲಸ ಅರ್ಧಕ್ಕೆ ಬಂದಾಗ ನೀವು ಆಫೀಸ್ ಪಾರ್ಕಿಂಗ್‌ನಲ್ಲಿ ಎಂಜಿನ್ ಆಫ್ ಮಾಡುತ್ತೀರಿ. ಸಂಜೆ ಹೊರಟಾಗ ಎಂಜಿನ್ ತಣ್ಣಗಿರುತ್ತದೆ, ಬಿಸಿಯಾಗುವಷ್ಟರಲ್ಲಿ ಮನೆ ಬರುತ್ತದೆ. ಹೀಗೆ ನಾಲ್ಕೈದು ಸಲ ಅರ್ಧಕ್ಕೆ ನಿಂತರೆ ಎರಡು ಹಾನಿ. ಒಂದು, ಮಸಿ ಮಿತಿ ಮೀರಿ ಮೀಟರಿನಲ್ಲಿ ದೀಪ ಬರುತ್ತದೆ. ಎರಡನೆಯದು ಕಣ್ಣಿಗೆ ಕಾಣದ್ದು, ಅದಕ್ಕೇ ಹೆಚ್ಚು ಅಪಾಯ: ತಡವಾಗಿ ಬಿಟ್ಟ ಡೀಸೆಲ್ ಸ್ವಲ್ಪ ಸ್ವಲ್ಪ ಸಿಲಿಂಡರ್ ಗೋಡೆಗುಂಟ ಇಳಿದು ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳುವಾಗಿ ಟರ್ಬೊ ಬೇರಿಂಗು, ಕ್ರ್ಯಾಂಕ್ ಬೇರಿಂಗು ಸವೆಯುತ್ತವೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಮ್ಯಾಕ್ಸ್ ಗೆರೆ ದಾಟಿ ಏರಿದ್ದರೆ, ಬೆರಳಿಗೆ ಹಚ್ಚಿ ಮೂಸಿದಾಗ ಡೀಸೆಲ್ ವಾಸನೆ ಬಂದರೆ ಇದೇ ಕಾರಣ. ಆಗ ಸರ್ವಿಸ್ ಕಿಲೋಮೀಟರ್ ಕಾಯಬೇಡಿ, ಆಯಿಲ್ ಬದಲಿಸಿ.

ರೀಜನರೇಶನ್ ನಡೆಯುತ್ತಿದೆ ಎಂದು ತಿಳಿಯುವುದು ಹೇಗೆ? ನಿಂತಲ್ಲೇ ಆರ್‌ಪಿಎಂ ಎಂದಿಗಿಂತ ಹೆಚ್ಚು, ಸಾವಿರದ ಹತ್ತಿರ. ರೇಡಿಯೇಟರ್ ಫ್ಯಾನು ಜೋರಾಗಿ ತಿರುಗುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ಆಫ್ ಆಗುವುದು ನಿಲ್ಲುತ್ತದೆ. ಮೀಟರಿನ ತತ್ಕ್ಷಣದ ಮೈಲೇಜ್ ಕುಸಿಯುತ್ತದೆ. ಕೆಳಗಿಳಿದರೆ ಸುಟ್ಟ ವಾಸನೆ. ಇವು ಕಂಡರೆ ಆಫ್ ಮಾಡಬೇಡಿ, ಇನ್ನೊಂದು ಸುತ್ತು ಹಾಕಿ ಬನ್ನಿ. ಒಣ ಹುಲ್ಲು, ಕಬ್ಬಿನ ರವದಿ ಬಿದ್ದ ಕಡೆ ಮಾತ್ರ ನಿಲ್ಲಿಸಲೇಬೇಡಿ, ಬೆಂಕಿ ಹತ್ತುವಷ್ಟು ಶಾಖ ಅಲ್ಲಿರುತ್ತದೆ.

ನಿಮ್ಮ ಓಡಾಟಕ್ಕೆ ನನ್ನ ಸಲಹೆ: ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ವಾಕಡ್‌ನಿಂದ ತಳೇಗಾಂವ್ ದಾಟಿ ಲೋನಾವಳದ ಕಡೆ ಹೋಗಿ ಬನ್ನಿ. 60 ಮೇಲಿನ ವೇಗದಲ್ಲಿ ಬಿಟ್ಟೂ ಬಿಡದೆ 25 ನಿಮಿಷ, ಎಂಜಿನ್ 2000 ಆರ್‌ಪಿಎಂ ಸುತ್ತ. ಆಟೊಮ್ಯಾಟಿಕ್ ಮೇಲಿನ ಗೇರಿಗೆ ಹೋಗಿ 1500ರಲ್ಲಿ ಕೂತರೆ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ ಒಂದು ಗೇರು ಇಳಿಸಿ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇರಲಿ. ಹಲವು ಗಾಡಿಗಳು ರಿಸರ್ವ್ ಹತ್ತಿರ ಬಂದಾಗ ರೀಜನರೇಶನ್ ಶುರು ಮಾಡುವುದೇ ಇಲ್ಲ.

ಆಯಿಲ್ ಮ್ಯಾನ್ಯುಯಲ್‌ನಲ್ಲಿ ಬರೆದದ್ದೇ ಹಾಕಿಸಿ. ಡಿಪಿಎಫ್ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು, ಡಬ್ಬದ ಮೇಲೆ ಎಸಿಇಎ ಸಿ2 ಅಥವಾ ಸಿ3 ಎಂಬಂಥ ಗುರುತು ಇರುತ್ತದೆ. ಮಸಿ ಸುಟ್ಟು ಹೋಗುತ್ತದೆ, ಆಯಿಲ್‌ನ ಬೂದಿ ಎಷ್ಟು ಶಾಖಕ್ಕೂ ಸುಡುವುದಿಲ್ಲ, ಜರಡಿಯಲ್ಲೇ ಉಳಿಯುತ್ತದೆ. ಅಗ್ಗದ ಆಯಿಲ್ ಹಾಕಿದ ಗಾಡಿಯ ಡಿಪಿಎಫ್ ಬೇಗ ತುಂಬುವುದು ಇದರಿಂದ. ಹೊಸ ಡಿಪಿಎಫ್ ಲಕ್ಷ ದಾಟುವ ಪಾರ್ಟು.

ವಾಕಡ್_ಧಾರವಾಡ
ದೀಪ ಬಂದರೆ?

ಚಿಂಚವಡ_ಸ್ಪಾನರ್
ಡಿಪಿಎಫ್ ದೀಪ ಒಂದೇ ಇದ್ದು ಸುಮ್ಮನೆ ಉರಿಯುತ್ತಿದ್ದರೆ ಅದೇ ದಿನ ಹೈವೇಗೆ ಒಯ್ಯಿರಿ, ಮೇಲೆ ಹೇಳಿದಂತೆ ಓಡಿಸಿ, ಆರುತ್ತದೆ. ಮಿನುಗುತ್ತಿದ್ದರೆ ಅಥವಾ ಜೊತೆಗೆ ಚೆಕ್ ಎಂಜಿನ್ ದೀಪವೂ ಬಂದಿದ್ದರೆ ಓಡಿಸಿ ಪ್ರಯೋಜನವಿಲ್ಲ. ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿ ನಿಂತಲ್ಲೇ ಸುಡಿಸುತ್ತಾರೆ. ಅದಾದ ಮೇಲೆ ಆಯಿಲ್ ಬದಲಿಸಲು ಹೇಳಿ. ಅದನ್ನೂ ಕಡೆಗಣಿಸಿದರೆ ಗಾಡಿ ಲಿಂಪ್ ಮೋಡ್‌ಗೆ ಹೋಗುತ್ತದೆ, ಪಿಕಪ್ ಇರುವುದಿಲ್ಲ, ಮಸಿ ಅತಿಯಾಗಿದ್ದರೆ ಬಲವಂತವಾಗಿ ಸುಡಿಸುವುದೂ ಸಾಧ್ಯವಿಲ್ಲ, ಏಕೆಂದರೆ ಅಷ್ಟೂ ಒಮ್ಮೆಲೇ ಉರಿದರೆ ಪಿಂಗಾಣಿ ಸೀಳುತ್ತದೆ.

ಡಿಪಿಎಫ್ ತೆಗೆಸಿ ಸಾಫ್ಟ್‌ವೇರ್ ಬದಲಿಸಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಕಾನೂನಿಗೆ ವಿರುದ್ಧ, ವಾರಂಟಿ ಹೋಗುತ್ತದೆ, ಹಿಂದಿನ ಗಾಡಿಯವರು ಉಸಿರಾಡುವುದು ಆ ಮಸಿಯನ್ನೇ.

ಮುಲುಂಡ್_ಲೆಕ್ಕ
ದುಡ್ಡಿನ ಲೆಕ್ಕ ನಾನು ಹಾಕ್ತೇನೆ. ಇಲ್ಲಿರುವ ಮೈಲೇಜು, ದರ ಲೆಕ್ಕಕ್ಕೆ ಹಿಡಿದದ್ದು, ನಿಮ್ಮ ಪಂಪಿನ ದರ ಹಾಕಿ ನೀವೇ ಮತ್ತೆ ಮಾಡಿ ನೋಡಿ.

ಮೊದಲು ಟ್ಯಾಕ್ಸ್. ಜಿಎಸ್‌ಟಿಯಲ್ಲಿ ವ್ಯತ್ಯಾಸ ಇಲ್ಲ. 2025ರ ಸೆಪ್ಟೆಂಬರ್ 22ರ ನಂತರ ದೊಡ್ಡ ಎಸ್‌ಯುವಿಗೆ ಡೀಸೆಲ್ ಆದ್ರೂ ಪೆಟ್ರೋಲ್ ಆದ್ರೂ 40%, ಸೆಸ್ ಹೋಯ್ತು. ವ್ಯತ್ಯಾಸ ಇರುವುದು ಆರ್‌ಟಿಒದಲ್ಲಿ. ಮಹಾರಾಷ್ಟ್ರದಲ್ಲಿ ಖಾಸಗಿ ಪೆಟ್ರೋಲ್ ಕಾರಿಗೆ 10 ಲಕ್ಷದ ತನಕ 11%, 20ರ ತನಕ 12%, ಅದರ ಮೇಲೆ 13%. ಡೀಸೆಲ್‌ಗೆ 13, 14, 15. ಕಂಪನಿ ಹೆಸರಲ್ಲಿ ತೆಗೊಂಡ್ರೆ ಪೆಟ್ರೋಲ್ ಆದ್ರೂ ಡೀಸೆಲ್ ಆದ್ರೂ 20%, ಅದಕ್ಕೇ ಸ್ವಂತ ಹೆಸರಲ್ಲಿ ಮಾಡಿಸಿ.

20 ಲಕ್ಷದ ಗೆರೆ ಹತ್ತಿರ ಹುಷಾರು ಮಾರಾಯ್ರೆ. ದರ ಪೂರ್ತಿ ಬೆಲೆಗೆ ಬೀಳ್ತದೆ, ಮೇಲಿನ ಭಾಗಕ್ಕೆ ಮಾತ್ರ ಅಲ್ಲ. ಪೆಟ್ರೋಲ್ 19.9 ಲಕ್ಷ ಅಂತ ಇಟ್ಕೊಳ್ಳಿ, 12% ಅಂದ್ರೆ 2,38,800. ಡೀಸೆಲ್ 20.4 ಲಕ್ಷ, 15% ಅಂದ್ರೆ 3,06,000. ಶೋರೂಮಲ್ಲಿ 50,000 ವ್ಯತ್ಯಾಸ ಕಂಡದ್ದು ರಸ್ತೆಗೆ ಬರುವಾಗ 1,17,200 ಆಯ್ತು. ಇನ್ಶೂರೆನ್ಸ್ ಸೇರಿಸಿ 1.2 ಲಕ್ಷ ಹಿಡೀರಿ.

ಇನ್ನು ಓಡಾಟ. ಆಫೀಸು ವರ್ಷಕ್ಕೆ 2,000 ಕಿ.ಮೀ., ಊರು, ಘಾಟು ಎಲ್ಲ ಸೇರಿ ಹೈವೇ 10,000. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಆಟೊಮ್ಯಾಟಿಕ್ ಸಿಟಿಯಲ್ಲಿ 7.5, ಹೈವೇಯಲ್ಲಿ 11.5 ಕೊಟ್ರೆ ಒಟ್ಟು 1,136 ಲೀಟರ್. ಲೀಟರಿಗೆ 104 ಅಂದ್ರೆ ಸುಮಾರು 1,18,000. ಡೀಸೆಲ್ 10.5 ಮತ್ತೆ 15 ಕೊಟ್ರೆ 857 ಲೀಟರ್, 91ರಂತೆ 78,000. ಉಳಿತಾಯ 40,000. ಆಡ್‌ಬ್ಲೂ (ಡೀಸೆಲ್ ಹೊಗೆ ಶುದ್ಧ ಮಾಡುವ ಯೂರಿಯಾ ನೀರು), ಡೀಸೆಲ್ ಫಿಲ್ಟರ್ ಖರ್ಚು ಕಳೆದ್ರೆ 36,000. ಮೂರು ವರ್ಷ ನಾಲ್ಕು ತಿಂಗಳಿಗೆ ಹೆಚ್ಚು ಕೊಟ್ಟದ್ದು ವಾಪಸ್.

ಊರಿನ ಓಡಾಟ ಕಡಿಮೆಯಾಗಿ ಹೈವೇ 4,500ಕ್ಕೆ ಇಳಿದ್ರೆ ಉಳಿತಾಯ 20,000 ಮಾತ್ರ, ಆರು ವರ್ಷ ಬೇಕು. ತಿಂಗಳ ಧಾರವಾಡ ಟ್ರಿಪ್ ಗಟ್ಟಿ ಉಂಟು ಅಂದ್ರೆ ಮಾತ್ರ ಡೀಸೆಲ್ ಲೆಕ್ಕಕ್ಕೆ ಕೂರ್ತದೆ.

ಫೋಂಡಾ_ಮಳೆ
ಪೆಟ್ರೋಲ್ ಕಡೆಯ ಒಂದು ವಿಷಯ ಯಾರೂ ಹೇಳಲಿಲ್ಲ. ಈಗ ಪಂಪಿನಲ್ಲಿ ಬರುವುದು ಇ20, ಅಂದರೆ 20% ಎಥೆನಾಲ್ ಬೆರೆತ ಪೆಟ್ರೋಲ್. ಒಂದು ಲೀಟರ್ ಎಥೆನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. 20% ಬೆರೆತಾಗ ಲೀಟರಿಗೆ ಆರೇಳು ಶೇಕಡಾ ಶಕ್ತಿ ಕಡಿಮೆ. ಹಳೆಯ ರಿವ್ಯೂಗಳ ಮೈಲೇಜ್ ನೋಡಿ ಲೆಕ್ಕ ಹಾಕಬೇಡಿ. ಹೊಸ ಗಾಡಿಗಳು ಇ20ಕ್ಕೇ ತಯಾರಾದವು, ಅವುಗಳ ರಬ್ಬರ್ ಪೈಪು, ಸೀಲುಗಳಿಗೆ ತೊಂದರೆ ಇಲ್ಲ. ಸೆಕೆಂಡ್ ಹ್ಯಾಂಡ್ ಹಳೆ ಪೆಟ್ರೋಲ್ ಎಸ್‌ಯುವಿ ನೋಡುವವರು ಮಾತ್ರ ಫ್ಯುಯೆಲ್ ಲೈನು, ಪಂಪು ನೋಡಿಸಿ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಗೋವಾ, ಮುಂಬೈ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗ ಕಡಿಮೆಯಿದ್ದಷ್ಟೂ ಒಳಗೆ ಬರುವ ತೇವ ಕಡಿಮೆ.

ಡೀಸೆಲ್‌ಗೂ ನೀರೇ ಶತ್ರು. ಇಂಜೆಕ್ಟರ್‌ಗಳಿಗೆ ಡೀಸೆಲ್ ಒಯ್ಯುವ ಕಾಮನ್ ರೇಲ್ ಪೈಪಿನಲ್ಲಿ ಒತ್ತಡ 1,600 ಬಾರ್‌ಗೂ ಹೆಚ್ಚು, ಇಂಜೆಕ್ಟರ್ ತೂತು ಕೂದಲಿಗಿಂತ ಸ್ವಲ್ಪ ದಪ್ಪ. ನೀರು ಹೋದರೆ ತುಕ್ಕು. ಡೀಸೆಲ್ ಫಿಲ್ಟರ್ ಕೆಳಗೆ ನೀರು ನಿಲ್ಲುವ ಬಟ್ಟಲು ಇರುತ್ತದೆ. ಮೀಟರಿನಲ್ಲಿ ಆ ನೀರಿನ ದೀಪ ಬಂದರೆ ಅಲ್ಲೇ ನಿಲ್ಲಿಸಿ ಖಾಲಿ ಮಾಡಿಸಿ, ಮುಂದೆ ಓಡಿಸಬೇಡಿ.

ಇನ್ನು ನೀರು ತುಂಬಿದ ರಸ್ತೆ. ಡೀಸೆಲ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ, ಹಾಗಾಗಿ ನೀರಿಗೆ ಹೆದರಬೇಕಿಲ್ಲ ಎನ್ನುತ್ತಾರೆ. ಆದರೆ ಗಾಳಿ ಎಳೆಯುವ ಬಾಯಿ ಎರಡರಲ್ಲೂ ಇದೆ. ಅದರಲ್ಲಿ ನೀರು ಹೋದರೆ ಡೀಸೆಲ್‌ಗೇ ಹೆಚ್ಚು ಪೆಟ್ಟು, ಏಕೆಂದರೆ ಅದರ ಕಂಪ್ರೆಶನ್ ಅನುಪಾತ (ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಲೆಕ್ಕ) 16ರ ಸುತ್ತ, ಟರ್ಬೊ ಪೆಟ್ರೋಲ್‌ನದು 10ರ ಸುತ್ತ. ಪಿಸ್ಟನ್ ಮೇಲೆ ಉಳಿಯುವ ಜಾಗ ಅಷ್ಟು ಚಿಕ್ಕದು, ಸ್ವಲ್ಪ ನೀರಿಗೇ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಥಾರ್‌ಗೆ 650 ಮಿ.ಮೀ., ಗೂರ್ಖಾಕ್ಕೆ 700, ಡಿಫೆಂಡರ್‌ಗೆ 900 ಆಳದ ತನಕ ನೀರು ನಡೆಯುತ್ತದೆ ಎಂದು ಕಂಪನಿ ಹೇಳುವುದು ನಿಂತ ನೀರಿನಲ್ಲಿ ನಡಿಗೆಯ ವೇಗಕ್ಕೆ. ಎದುರಿನಿಂದ ಬಸ್ಸು ಬಂದು ಅಲೆ ಎಬ್ಬಿಸಿದರೆ ಆ ಲೆಕ್ಕ ಮುಗಿಯಿತು. ಮುಂಬೈನಲ್ಲಿ ನೀರು ನಿಲ್ಲುವ ಅಂಧೇರಿ ಸಬ್‌ವೇ, ಹಿಂದ್‌ಮಾತಾದಲ್ಲಿ ಗಾಡಿ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ಎಳೆಸಿಕೊಂಡು ಹೋಗಿ. ಇನ್ಶೂರೆನ್ಸ್‌ನಲ್ಲಿ ಎಂಜಿನ್ ಪ್ರೊಟೆಕ್ಟ್ ಬೇರೆಯಾಗಿ ತೆಗೆದುಕೊಂಡಿರಬೇಕು.

ಲೋರೇಂಜ್_ಕೋಥ್ರೂಡ್
ಎಳೆತದ ಬಗ್ಗೆಯೂ ಹಳೇ ನಂಬಿಕೆ ಇದೆ. ಪೆಟ್ರೋಲ್‌ಗೆ ಟಾರ್ಕ್ ಇಲ್ಲ ಎನ್ನುವುದು ಟರ್ಬೊ ಇಲ್ಲದ ಎಂಜಿನ್‌ಗೆ ನಿಜ. ಫಾರ್ಚುನರ್ 2.7 ಪೆಟ್ರೋಲ್ 245 ನ್ಯೂಟನ್ ಮೀಟರ್, ಅದೂ 4000 ಆರ್‌ಪಿಎಂನಲ್ಲಿ. ಡೀಸೆಲ್ ಆಟೊಮ್ಯಾಟಿಕ್ 500, ಅದು 1600ರಿಂದಲೇ. ಸ್ಕಾರ್ಪಿಯೋ-ಎನ್ ಆಟೊಮ್ಯಾಟಿಕ್‌ನಲ್ಲಿ ನೋಡಿ: ಪೆಟ್ರೋಲ್ 380, ಡೀಸೆಲ್ 400, ಎರಡೂ 1750ರಿಂದ. ಖಂಬಾಟ್ಕಿ ಘಾಟ್ ಏರುವಾಗ ಐದು ಜನ, ಲಗೇಜು ಇದ್ದರೂ ಪೆಟ್ರೋಲ್ ಬಳಲುವುದಿಲ್ಲ. ಆದರೆ ಬೂಸ್ಟ್‌ನಲ್ಲಿ ಒತ್ತಿ ಓಡಿಸಿದರೆ ಎಂಜಿನ್ ತಂಪಿಗಾಗಿ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ.

ಇಳಿಜಾರಿನಲ್ಲಿ ಡೀಸೆಲ್ ಕಂಪ್ರೆಶನ್ ಹೆಚ್ಚು, ಹಾಗಾಗಿ ಹೆಚ್ಚು ತಡೆಯುತ್ತದೆ ಎನ್ನುವುದೂ ಪೂರ್ತಿ ಸರಿಯಲ್ಲ. ಒತ್ತಿದ ಗಾಳಿ ಮರಳಿ ಪಿಸ್ಟನ್ನನ್ನು ತಳ್ಳುತ್ತದೆ. ಪೆಟ್ರೋಲ್‌ನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಥ್ರಾಟಲ್ ಮುಚ್ಚಿ ನಿರ್ವಾತವೇ ಎಂಜಿನ್ನನ್ನು ತಡೆಯುತ್ತದೆ. ಕಡಿದಾದ ಮಣ್ಣಿನ ಇಳಿಜಾರಿನಲ್ಲಿ ನಿಮ್ಮನ್ನು ಕಾಯುವುದು ಫೋರ್ ಲೋದ ಮೊದಲ ಗೇರು. ಡೀಸೆಲ್‌ನ ನಿಜವಾದ ಅನುಕೂಲ ಎರೆ ಮಣ್ಣಿನಲ್ಲಿ ಗೊತ್ತಾಗುತ್ತದೆ: ಆಕ್ಸಿಲರೇಟರ್ ಮುಟ್ಟದೆ ಐಡಲ್‌ನಲ್ಲೇ ಗಾಡಿ ತೆವಳುತ್ತದೆ, ಚಕ್ರ ಗಕ್ಕನೆ ತಿರುಗಿ ಮಣ್ಣು ಅಗೆಯುವುದಿಲ್ಲ.

ವಾಕಡ್_ಧಾರವಾಡ
ಎರಡು ಪ್ರಶ್ನೆ. ಡೀಸೆಲ್‌ಗೆ ಹತ್ತೇ ವರ್ಷ ಎನ್ನುತ್ತಾರಲ್ಲ? ಮುಂದೆ ಬೆಂಗಳೂರಿಗೆ ವರ್ಗವಾದರೆ ಗಾಡಿ ಏನು ಮಾಡಬೇಕು?

ಮುಲುಂಡ್_ಲೆಕ್ಕ
ಹತ್ತು ವರ್ಷದ ನಿಯಮ ಬಂದದ್ದು ದೆಹಲಿ ಮತ್ತೆ ಅದರ ಸುತ್ತಲಿನ ಎನ್‌ಸಿಆರ್‌ಗೆ, ಹಸಿರು ನ್ಯಾಯಮಂಡಳಿ (ಎನ್‌ಜಿಟಿ) 2015ರಲ್ಲಿ ಹೇಳಿದ್ದು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿದದ್ದು. ಮಹಾರಾಷ್ಟ್ರ, ಗೋವಾ, ಕರ್ನಾಟಕದಲ್ಲಿ ಡೀಸೆಲ್‌ಗೂ 15 ವರ್ಷ ರಿಜಿಸ್ಟ್ರೇಶನ್, ಆಮೇಲೆ ಫಿಟ್‌ನೆಸ್ ಮಾಡಿಸಿ ಐದೈದು ವರ್ಷ.

ಕರ್ನಾಟಕದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಕೊಂಡ್ರೆ ಅಲ್ಲಿನ ನಂಬರ್ ಬೇಕು. ಪುಣೆ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ, ಸಾಲ ಇದ್ರೆ ಬ್ಯಾಂಕಿನ ಒಪ್ಪಿಗೆ, ಅಲ್ಲಿ ಗಾಡಿಯ ವಯಸ್ಸಿಗೆ ತಕ್ಕ ಟ್ಯಾಕ್ಸ್ ಕಟ್ಟಿ, ಆ ರಸೀದಿ ಹಿಡ್ಕೊಂಡು ಇಲ್ಲಿ ರೀಫಂಡ್‌ಗೆ ಅರ್ಜಿ. ನಿಮ್ಮ ಕಂಪನಿಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಆಫೀಸ್ ಉಂಟು ಅಂದ್ರೆ ಕಂಪನಿಯಿಂದ ಫಾರ್ಮ್ 60 ತೆಗೊಂಡು, ರಾಜ್ಯ ಬದಲಾದ್ರೂ ನಡೆಯುವ ಬಿಎಚ್ ನಂಬರ್ ಕೇಳಿ. ಎರಡೆರಡು ವರ್ಷದ ಪಾಲು ಕಟ್ಟುವುದು, ಪೂರ್ತಿ ಅವಧಿಯ ದರ ಬೆಲೆಯ ಪ್ರಕಾರ 8, 10, 12%, ಡೀಸೆಲ್‌ಗೆ 2% ಹೆಚ್ಚು. ವರ್ಗದ ಸಂಭವ ಇದ್ರೆ ಇದೇ ಒಳ್ಳೇದು.

ಚಿಂಚವಡ_ಸ್ಪಾನರ್
ಆಡ್‌ಬ್ಲೂ ಬಗ್ಗೆ ಎರಡು ಮಾತು ಬಾಕಿ ಇತ್ತು. 32.5% ಯೂರಿಯಾ, ಉಳಿದದ್ದು ಶುದ್ಧ ನೀರು. ನೀಲಿ ಮುಚ್ಚಳದ ಬಾಯಿಗೆ ಹಾಕುವುದು. ನಿಮ್ಮಂಥ ಗಾಡಿಗೆ ಸಾವಿರ ಕಿಲೋಮೀಟರಿಗೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು. ಐಎಸ್‌ಒ 22241 ಗುರುತಿನ ಸೀಲ್ ಇರುವ ಕ್ಯಾನ್ ಮಾತ್ರ ತನ್ನಿ, ರೈತರ ಯೂರಿಯಾ ಕಲಸಿ ಹಾಕಿದರೆ ಇಂಜೆಕ್ಟರ್ ಕಟ್ಟುತ್ತದೆ. ಮುಗಿಯುವ ಮುಂಚೆ ಮೀಟರ್ ಇನ್ನೆಷ್ಟು ಕಿ.ಮೀ. ಎಂದು ಹೇಳುತ್ತದೆ. ಸೊನ್ನೆಗೆ ಬಂದಮೇಲೆ ಆಫ್ ಮಾಡಿದರೆ ಎಂಜಿನ್ ಮತ್ತೆ ಸ್ಟಾರ್ಟ್ ಆಗುವುದಿಲ್ಲ, ಅದು ಕಾನೂನಿನ ಕಟ್ಟಳೆ. ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿದರೆ ಇಗ್ನಿಶನ್ ಕೂಡ ಆನ್ ಮಾಡಬೇಡಿ, ಟ್ಯಾಂಕ್ ಇಳಿಸಿ ತೊಳೆಯಬೇಕು. ಪಂಪಿನವರು ಪೆಟ್ರೋಲ್ ಹಾಕಿಬಿಟ್ಟರೂ ಇದೇ ನಿಯಮ: ಹೈ ಪ್ರೆಶರ್ ಪಂಪಿಗೆ ಡೀಸೆಲ್ಲೇ ಎಣ್ಣೆ, ಪೆಟ್ರೋಲ್‌ನಲ್ಲಿ ಅದು ಒಣಗಿ ಲೋಹದ ಪುಡಿ ಇಂಜೆಕ್ಟರ್ ತನಕ ಹೋಗುತ್ತದೆ.

ಹಿಂಜವಡಿಗೆ ಕಂಪನಿ ಬಸ್ಸೋ ಸ್ಕೂಟರೋ ಆಗುವುದಾದರೆ ಆ 42 ಕಿ.ಮೀ. ಈ ಗಾಡಿಯ ಮೇಲೆ ಹಾಕಬೇಡಿ.

ವಾಕಡ್_ಧಾರವಾಡ
ಕಂಪನಿ ಬಸ್ ಇದೆ. ಸ್ಕಾರ್ಪಿಯೋ-ಎನ್ ಡೀಸೆಲ್ ಫೋರ್ ಬೈ ಫೋರ್ ಕಡೆ ಮನಸ್ಸು ಗಟ್ಟಿಯಾಯಿತು. ಒಂದೂವರೆ ವರ್ಷದ ಸೆಕೆಂಡ್ ಹ್ಯಾಂಡ್ ಒಂದು ನೋಡಲು ಸಿಕ್ಕಿದೆ, ಮುಂಬೈ ಗಾಡಿ, 9,000 ಕಿ.ಮೀ. ಏನೇನು ನೋಡಬೇಕು?

ಚಿಂಚವಡ_ಸ್ಪಾನರ್
ಕಡಿಮೆ ಓಡಿದ ಮುಂಬೈ ಡೀಸೆಲ್ ಅಂದರೆ ಪೂರ್ತಿ ಸಿಟಿ ಓಡಾಟ ಎಂದೇ ತಿಳಿಯಿರಿ. 40,000 ಹೈವೇ ಓಡಿದ ಗಾಡಿ ಇದಕ್ಕಿಂತ ಮೇಲು.

ಬೆಳಿಗ್ಗೆ ತಣ್ಣಗಿದ್ದಾಗಲೇ ಹೋಗಿ, ನೀವು ಬರುವ ಮುಂಚೆ ಸ್ಟಾರ್ಟ್ ಮಾಡಬಾರದು ಎಂದು ಹೇಳಿಡಿ. ಡಿಪ್‌ಸ್ಟಿಕ್ ತೆಗೆದು ಮಟ್ಟ, ವಾಸನೆ ನೋಡಿ. ಸೈಲೆನ್ಸರ್ ಬಾಯಿಯೊಳಗೆ ಬಿಳಿ ಬಟ್ಟೆ ತಿರುಗಿಸಿ: ಡಿಪಿಎಫ್ ಸರಿಯಿದ್ದರೆ ಬಟ್ಟೆ ಹೆಚ್ಚುಕಡಿಮೆ ಬಿಳಿಯಾಗಿಯೇ ಬರುತ್ತದೆ, ಕಪ್ಪು ಮಸಿ ಬಂದರೆ ಜರಡಿ ಸೀಳಿದೆ ಅಥವಾ ತೆಗೆಸಿದ್ದಾರೆ. ಸ್ಕ್ಯಾನರ್ ಹಾಕಿಸಿ ಮಸಿಯ ಪ್ರಮಾಣ, ಕೊನೆಯ ರೀಜನರೇಶನ್ ಆಗಿ ಎಷ್ಟು ಕಿ.ಮೀ. ಆಯಿತು, ಎಷ್ಟು ಸಲ ಅರ್ಧಕ್ಕೆ ನಿಂತಿದೆ ಎಂಬ ಮೂರು ಅಂಕಿ ಬರೆಸಿಕೊಳ್ಳಿ. ಎರಡು ರೀಜನರೇಶನ್ ನಡುವೆ ನೂರು ಕಿ.ಮೀ. ಕೂಡ ಇಲ್ಲದಿದ್ದರೆ ಬಿಟ್ಟುಬಿಡಿ.

ಆಮೇಲೆ ಯಾವುದಾದರೂ ಮಣ್ಣಿನ ಮೈದಾನಕ್ಕೆ ಒಯ್ದು ಫೋರ್ ಹೈ, ಫೋರ್ ಲೋ ಎರಡೂ ಹಾಕಿ ಹತ್ತು ಮೀಟರ್ ಹಿಂದೆ ಮುಂದೆ ಓಡಿಸಿ. ಸಿಟಿಯ ಗಾಡಿಯಲ್ಲಿ ಅದನ್ನು ಯಾರೂ ಹಾಕಿರುವುದಿಲ್ಲ, ಫೋರ್ ವೀಲ್ ಜೋಡಿಸುವ ಆಕ್ಚುಯೇಟರ್ ಅಂಟಿಕೊಂಡಿರುತ್ತದೆ. ದೀಪ ಮಿನುಗಿ ನಿಲ್ಲದಿದ್ದರೆ ಅದನ್ನು ಮಾರುವವರೇ ಸರಿಪಡಿಸಿಕೊಡಲಿ, ನಂತರ ಅಡ್ವಾನ್ಸ್ ಕೊಡಿ. ಸೀಟ್ ಬೆಲ್ಟ್ ಪೂರ್ತಿ ಎಳೆದು ತುದಿಯಲ್ಲಿ ಕೆಸರಿನ ಗೆರೆ ಇದೆಯೇ ನೋಡಿ, ಸೀಟಿನ ಕೆಳಗಿನ ಬೋಲ್ಟು ತುಕ್ಕು ಹಿಡಿದಿದೆಯೇ ನೋಡಿ. ಇದ್ದರೆ ನೀರಿನಲ್ಲಿ ಮುಳುಗಿದ ಗಾಡಿ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.